ಸಿದ್ದಲಿಂಗವ್ವನ ಹೊರೆಗಲ್ಲು

"ಸಾಹೇಬ್ರ, ಆ ಕಲ್ಲಿಗಿ ಕೈ ಹಚ್ಚಬ್ಯಾಡ್ರಿ. ಬೇಕಾದ್ರ ನಿಮ್ಮ ರಸ್ತಾ ಸ್ವಲ್ಪ ತಿರುಗಸ್ರಿ."

ಇಷ್ಟು ಹೇಳಿ ಇಂದುಬಾಯಿ ತನ್ನ ಕುರಿಗಳ ನಡುವೆ ಕೋಲೂರಿ ನಿಂತಳು. ಕಲ್ಮೇಶ ನಕ್ಕ. ಹೆಸರಿನಲ್ಲೇ ಕಲ್ಲಿಟ್ಟುಕೊಂಡವನನ್ನು ಕಲ್ಲು ತೋರಿಸಿ ಹೆದರಿಸುವುದು ಸುಲಭವಲ್ಲ. ಧಾರವಾಡದಲ್ಲಿ ಓದಿ, ಗುತ್ತಿಗೆ ಕಂಪನಿಯೊಂದರ ಇಂಜಿನಿಯರಾಗಿ ಅವನು ಗಡಿಯಾಚೆಯ ಜತ್ತಕ್ಕೆ ಬಂದು ಎರಡು ತಿಂಗಳಾಗಿತ್ತು. ದರಿಬಡಚಿ ದಾಟಿ ತಿಕೋಂಡಿಯ ಕಡೆ ಹೋಗುವ ರಸ್ತೆಯನ್ನು ಅಗಲ ಮಾಡಿಸುವುದು ಅವನ ಕೆಲಸ. ಈ ಎರಡು ತಿಂಗಳಲ್ಲಿ ಎಂತೆಂಥ ದೇವರುಗಳು ಅವನಿಗೆ ಅಡ್ಡ ಬಂದಿದ್ದವು! ಕುಂಕುಮ ಮೆತ್ತಿಸಿಕೊಂಡ ಮೈಲಿಗಲ್ಲು ಒಂದು, ಯಾರೋ ಮರೆತು ಹೋದ ತಂತಿ ಕಂಬ ಒಂದು. ಎರಡಕ್ಕೂ ಕಾಯಿ ಒಡೆಸಿ, ಪಕ್ಕಕ್ಕೆ ಸರಿಸಿ ಮುಂದೆ ಬಂದಿದ್ದ.

ಇದು ದೇವರಂತೆ ಕಾಣುತ್ತಿರಲಿಲ್ಲ. ಆಳೆತ್ತರದ ಎರಡು ಕರಿಗಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ತಲೆಯ ಮೇಲೆ ಭಾರ ಹೊತ್ತು ಬಂದವರು ಇನ್ನೊಬ್ಬರ ಕೈ ಕಾಯದೆ ಅದನ್ನು ಇಲ್ಲಿ ಜಾರಿಸಿ, ಉಸಿರು ತಿರುಗಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಲೆಂದು ನಿಲ್ಲಿಸಿದ ಹೊರೆಗಲ್ಲು. ಟಂಟಂ, ಟ್ರ್ಯಾಕ್ಟರ್ ಬಂದ ಮೇಲೆ ತಲೆಹೊರೆ ಹೊರುವವರು ಯಾರಿದ್ದಾರೆ? ಆದರೂ ಚಪ್ಪಡಿ ಖಾಲಿ ಇರಲಿಲ್ಲ. ಒಣಗಿದ ನಿಂಬೆಹಣ್ಣು, ಹಸಿರು ಬಳೆಚೂರು, ಮಗುವಿನ ಹರಿದ ಕುಲಾಯಿ, ಗಂಟು ಕಟ್ಟಿದ ಬಟ್ಟೆಗಳು ಒತ್ತೊತ್ತಾಗಿ ಬಿದ್ದಿದ್ದವು.

"ಏನ ಆಯಿ ಇವೆಲ್ಲಾ? ಊರ ಕಸಾ ಇಲ್ಲೇ ಚೆಲ್ತೀರೇನು?"

"ಹೊರಿ, ಸಾಹೇಬ್ರ. ಕೂಸಿನ ಜ್ವರ ಇಳೀಲಿಲ್ಲಂದ್ರ ಗಂಟು ಕಟ್ಟಿ ತಂದು ಇಲ್ಲಿ ಇಳಸ್ತಾರ. ಗಂಡನ್ನ ಕಳಕೊಂಡಾಕಿ ತನ್ನ ಸಂಕಟ ಇಳಸ್ತಾಳ. ಐವತ್ತ ವರ್ಸದ್ದು ಐತಿ. ಕಲ್ಲ ಕಿತ್ತಾಂವನ ತಲಿ ಮ್ಯಾಲ ಅಷ್ಟೂ ಬಂದು ಕುಂದರ್ತಾವ. ಸಿದ್ದಲಿಂಗವ್ವನ ಅವ್ವ ಹಂಗಂತ ಮಂತ್ರಿಸಿ ಕಟ್ಟ ಹಾಕ್ಯಾಳ."

"ಯಾವ ಸಿದ್ದಲಿಂಗವ್ವ?"

ಮುದುಕಿ ನೆಲ ನೋಡುತ್ತ ಹೇಳಿದಳು. "ಎಪ್ಪತ್ತೆರಡರ ದುಷ್ಕಾಳದಾಗ ಈ ರಸ್ತಾ ಮಾಡಿದವರು ನಾವ. ಆಕಿ ದಿನಾ ತುಂಬಿದ ಬಸರಿ. ಮುರುಮ ಮಣ್ಣಿನ ಬುಟ್ಟಿ ಹೊತ್ತು ಇಲ್ಲಿಗಿ ಬಂದು 'ಯಾರರ ಇಳಸ್ರೀ' ಅಂದ್ಲು. ಮುಕಾದಮ ಎಲ್ಲಾರ ಹೆಸರ ಹಿಡದು ಹಜೇರಿ ಕೂಗಾಕತ್ತಿದ್ದ. ಮುಗಿಯೂತನಕ ಯಾರೂ ಅಲುಗಬಾರದು ಅಂದ. ನಾ ಆಕಿ ಬಾಜೂಕ ಇದ್ದೆ, ಹನ್ನೆರಡ ವರ್ಸದಾಕಿ. ಆಕಿ ನನ್ನ ಮಾರಿ ನೋಡಿದ್ಲು. ನಾ ಕೈ ಚಾಚಲಿಲ್ಲ. ಬುಟ್ಟಿ ತಲಿ ಮ್ಯಾಲ ಇದ್ದಂಗ ಕುಸದ್ಲು, ಹೊಟ್ಟ್ಯಾಗಿನ ಕೂಸಿನ ಸೈತ. ಆಮ್ಯಾಲ ಆಕಿ ಅವ್ವ ಆಕಿ ಹೆಸರಿಲೆ ಈ ಕಲ್ಲ ನಿಂದ್ರಸಿದ್ಲು."

ಕಲ್ಮೇಶ ಫೋನಿನಲ್ಲಿ ಹಳೆಯ ನಕಾಶೆ ತೆರೆದು ನೋಡಿದ. ರಸ್ತೆ ಮುಗಿದ ವರ್ಷವಿತ್ತು, ಉದ್ದವಿತ್ತು, ಎಷ್ಟು ಮೋರಿಗಳೆಂಬ ಲೆಕ್ಕವೂ ಇತ್ತು. ಸಿದ್ದಲಿಂಗವ್ವ ಇರಲಿಲ್ಲ. ನಕಾಶೆಯಲ್ಲಿ ಇಲ್ಲದ್ದು ನೆಲದ ಮೇಲೂ ಇರಬೇಕಾಗಿಲ್ಲ ಎಂದು ನಂಬುವ ವಯಸ್ಸು ಅವನದು.

ಜೆಸಿಬಿ ಓಡಿಸುವ ರೇವಣ್ಣ ಸೋನ್ಯಾಳದವನು. ಅವನು ಕೆಳಗಿಳಿದು ಕೀಲಿಕೈಯನ್ನು ಕಲ್ಮೇಶನ ಅಂಗೈಯಲ್ಲಿಟ್ಟ. "ನನ್ನ ಮಗಳ ಜ್ವರಾನೂ ಅದರ ಮ್ಯಾಲ ಐತ್ರಿ ಸರ," ಎಂದ, ಅಷ್ಟೇ. ಕಲ್ಮೇಶನಿಗೆ ಹಟ ಬಂತು. ತಾನೇ ಹತ್ತಿ ಕುಳಿತು ಹಿಡಿಕೆ ಎಳೆದ.

ಮಟಮಟ ಮಧ್ಯಾಹ್ನ. ಚಪ್ಪಡಿ ಉರುಳಿದಾಗ ಸದ್ದಾಗಲಿಲ್ಲ. ಬಹಳ ಹೊತ್ತು ಹಿಡಿದಿಟ್ಟ ಉಸಿರೊಂದನ್ನು ಬಿಟ್ಟಂತೆ ಆಯಿತು. ಕಲ್ಲಿನ ಬುಡದ ಮಣ್ಣಿನಲ್ಲಿ ಒಂದು ಗಡಿಗೆ ಒಡೆದುಕೊಂಡಿತ್ತು. ಅದರೊಳಗಿಂದ ಅರಿಸಿನ, ಹರಳೆಣ್ಣೆ, ಹಸಿ ಬಾಣಂತಿ ಕೋಣೆಯ ವಾಸನೆ ಎದ್ದಿತು. ಕಬ್ಬಿಣದ ಮೊಳೆಗಳಿದ್ದವು, ಹೆಂಗಸಿನ ಉದ್ದ ಕೂದಲಿತ್ತು, ಆ ಕೂದಲಲ್ಲೇ ಬಿಗಿದು ಸುತ್ತಿದ ಬಟ್ಟೆಯ ಸಿಂಬಿ ಇತ್ತು. ಭಾರ ಹೊರುವವರು ತಲೆಗೂ ಬುಟ್ಟಿಗೂ ನಡುವೆ ಇಟ್ಟುಕೊಳ್ಳುವ ಸಿಂಬಿ. ಐವತ್ತು ವರ್ಷ ಮಣ್ಣಿನಲ್ಲಿದ್ದರೂ ಒಂದು ಎಳೆಯೂ ಕೊಳೆತಿರಲಿಲ್ಲ.

"ನೋಡ ರೇವಣ್ಣ, ನಿಮ್ಮ ಸಿದ್ದಲಿಂಗವ್ವ ನನಗ ಕಿರೀಟಾ ಕೊಟ್ಟಾಳ," ಎಂದು ಕಲ್ಮೇಶ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡ.

ಇಂದುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಸಿಂಬಿಯನ್ನು ತೆಗೆದೆಸೆದು, ಕಲ್ಲುಗಳನ್ನು ಟಿಪ್ಪರಿಗೆ ತುಂಬಿಸಿ, ಕಲ್ಲು ಪುಡಿ ಮಾಡುವ ಖಡಿ ಮಷಿನ್ನಿಗೆ ಕಳಿಸಿಬಿಟ್ಟ.

ಆಗಲೇ ಫೋನ್ ಬಂತು. ಅವನ ತಾಯಿ ಶಾಂತಾದೇವಿ. ಮಗನ ಜೊತೆ ಜತ್ತದ ಬಾಡಿಗೆ ಮನೆಗೆ ಬಂದಿದ್ದ ಆಕೆಗೆ ಒಂದು ಚಾಳಿ. ಅವನು ಮೂರನೇ ಇಯತ್ತೆಯಲ್ಲಿದ್ದಾಗಿನಿಂದಲೂ, ಬಾಗಿಲಿಗೆ ಬಂದ ಕೂಡಲೆ "ತಾ ಇಲ್ಲೆ" ಎಂದು ಕೈಯ ಚೀಲ ಕಿತ್ತುಕೊಳ್ಳುವುದು. ಮೂವತ್ತು ತುಂಬಿದರೂ ಅದು ತಪ್ಪಿರಲಿಲ್ಲ. "ಡಬ್ಬಿ ಬಿಟ್ಟ ಹೋಗೀಯಲ್ಲೋ ಕಲ್ಲೂ, ಏನ ತಿಂತಿ?" ಎಂದು ಕೇಳಿದಳು. "ಸಂಜಿಗಿ ಲಗೂನ ಬರ್ತೀನಿ ಅವ್ವ," ಎಂದು ಅವನು ಇಟ್ಟುಬಿಟ್ಟ.

ಮೊದಲು ಯಾರೋ ತಲೆಯ ಮೇಲೆ ಅಂಗೈ ಇಟ್ಟಂತಿತ್ತು. ಬಿಸಿಲೆಂದುಕೊಂಡ. ತಣ್ಣೀರು ಸುರಿದುಕೊಂಡ. ಅಂಗೈ ಹೋಗಲಿಲ್ಲ, ಅದರ ಮೇಲೆ ಇನ್ನೊಂದು ಬಂದು ಕೂತಿತು. ಸುಟ್ಟ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಕಿವಿಯ ಹಿಂದೆ ಒಂದು ಹೆಣ್ಣು ದನಿ, ದಣಿದ ದನಿ, "ಇಳಸ್ರೀ" ಎಂದಿತು. ತಿರುಗಿದ. ಬರೀ ಧೂಳು. ಇನ್ನೊಂದು ದನಿ. ಈ ಸಲ ಬೆವರಿನ ವಾಸನೆ, ಬೇವಿನೆಣ್ಣೆಯ ವಾಸನೆ, ಎಳೆಗೂಸಿನ ಕಾದ ಮೈಯ ವಾಸನೆ. ಒಂದೊಂದು ದನಿಗೆ ಒಂದೊಂದು ಭಾರ. ಸೂರ್ಯ ಪಡುವಣಕ್ಕೆ ವಾಲಿ, ಕಾಲ ಕೆಳಗಿದ್ದ ನೆರಳು ಹೊರಗೆ ಚಾಚಿಕೊಂಡಿತು. ಕಲ್ಮೇಶ ಅದನ್ನು ನೋಡಿದ. ನೆರಳಿನ ತಲೆಯ ಮೇಲೆ ಬುಟ್ಟಿ ಇತ್ತು.

ಅವನು ಓಡಿದ. ಓಡಲಾಗಲಿಲ್ಲ. ಕತ್ತು ಬಗ್ಗಿಸಿದರೆ ಮುರಿದೀತೆಂಬ ಭಯದಲ್ಲಿ ಹೆಜ್ಜೆ ಅಳೆಯುತ್ತ ಇಂದುಬಾಯಿಯ ಹಟ್ಟಿಗೆ ಹೋದ. ಮುದುಕಿ ಅವನ ಮುಖ ನೋಡಲಿಲ್ಲ, ಅವನ ನೆರಳು ನೋಡಿದಳು.

"ಆಯಿ, ತಪ್ಪಾತು. ಇಳಸ್ರಿ."

"ಕಲ್ಲ ತಂದು ನಿಂದ್ರಸ್ರಿ ಮದಲ. ಎಲ್ಲೈತಿ?"

ಖಡಿ ಮಷಿನ್ನಿನವನಿಗೆ ಫೋನ್ ಮಾಡಿದ. ಆ ಕಡೆಯ ಗಲಾಟೆಯಲ್ಲೇ ಉತ್ತರ ಬಂತು. ಅವನ ಕಲ್ಲು ಪುಡಿಯಾಗಿ ಒಂದು ತಾಸಾಗಿತ್ತು. ಆ ಖಡಿಯ ಮೇಲೆ ಆಗಲೇ ರೋಲರ್ ಹಾಯ್ದಿತ್ತು.

ಇಂದುಬಾಯಿ ಎದ್ದಳು. ಐವತ್ತು ವರ್ಷ ಚಾಚದೆ ಉಳಿಸಿಕೊಂಡಿದ್ದ ಎರಡೂ ಕೈಗಳನ್ನು ಅವನ ತಲೆಯ ಕಡೆಗೆ ಚಾಚಿದಳು. ಕೈಗಳು ಗಾಳಿಯಲ್ಲಿ ಹಾಯ್ದು ಖಾಲಿ ಹಿಂದೆ ಬಂದವು. ಅವಳು ಅಳತೊಡಗಿದಳು. "ನನ್ನ ಕೈಗಿ ಬರೂದಿಲ್ಲಪಾ. ಆಗ ಚಾಚಲಿಲ್ಲ, ಈಗ ಹೆಂಗ ಬರ್ತೈತಿ? ನಿನ್ನ ಮ್ಯಾಲ ಜೀವ ಇದ್ದವರು ಕೈ ಚಾಚಬೇಕು, ನೀ ತಲಿ ಬಗ್ಗಿಸಿ ಕೊಡಬೇಕು. ಆದ್ರ ನಿನ್ನಿಂದ ಇಳದದ್ದು ಅವರ ಮ್ಯಾಲ ಏರ್ತೈತಿ. ಮನ್ಯಾಗ ಯಾರದಾರ?"

ಅವ್ವ.

ಆ ಕ್ಷಣ ಅವನು ಮನೆಗೆ ಹೋಗುವುದಿಲ್ಲವೆಂದು ನಿಶ್ಚಯಿಸಿದ. ಇದನ್ನು ಅವನ ಪರವಾಗಿ ಹೇಳಲೇಬೇಕು. ಫೋನ್ ಬಂದ್ ಮಾಡಿ, ಕಲ್ಲು ನಿಂತಿದ್ದ ಗುಂಡಿಯ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತುಬಿಟ್ಟ. ಕುಳಿತರೆ ಮೇಲೇಳಲಾಗದೆಂದು ಗೊತ್ತಿತ್ತು. ಕೆಲಸದವರೆಲ್ಲ ಹೋದರು. ಗಾಳಿ ನಿಂತಿತು. ಹೊಲಗಳ ಮೇಲೆ ಕಪ್ಪು ಇಳಿಯತೊಡಗಿತು. ಕಣ್ಣಿಗೆ ಕಾಣದ ಹೆಂಗಸರು ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರು. ಬಳೆ ಸದ್ದು. ಉಸಿರಿನ ಸದ್ದು. "ಇಳಸ್ರೀ." ಬಾವಿಗೆ ಬಿದ್ದ ಮಗಳ ಭಾರ. "ಇಳಸ್ರೀ." ಕಬ್ಬು ಕಡಿಯಲು ಹೋಗಿ ತಿರುಗಿ ಬಾರದ ಗಂಡನ ಭಾರ. ಕಲ್ಮೇಶ ತನ್ನವರಲ್ಲದ ಸತ್ತವರಿಗಾಗಿ ಬಿಕ್ಕಿ ಬಿಕ್ಕಿ ಅತ್ತ. ಎಷ್ಟೊಂದು ದುಃಖವನ್ನು ಆ ಕಲ್ಲು ಸದ್ದಿಲ್ಲದೆ ಹೊತ್ತಿತ್ತಲ್ಲ! ಕೊನೆಗೆ ಎಲ್ಲರಿಗಿಂತ ನಿಧಾನವಾದ ಹೆಜ್ಜೆಯೊಂದು ಬಂತು. ಮುರುಮಿನ ಕೆಂಪು ಧೂಳಿನ ವಾಸನೆ. ದನಿ ಏನೂ ಬೇಡಲಿಲ್ಲ. ಎರಡು ಜೀವದ ಭಾರ ಅವನ ನೆತ್ತಿಯ ಮೇಲೆ ಕೂತಿತು. ಒಳಗಿನದು ಒಮ್ಮೆ ಒದೆಯಿತು.

ಅಷ್ಟರಲ್ಲಿ ಒಂದು ಟಂಟಂ ಬಂದು ನಿಂತಿತು. ಅದರಿಂದ ಶಾಂತಾದೇವಿ ಇಳಿದಳು. ಕೈಯಲ್ಲಿ ಡಬ್ಬಿ.

"ಫೋನ್ ಯಾಕ ಬಂದ್ ಮಾಡೀಯೋ? ರೇವಣ್ಣ ಮನೀತನಕ ಬಂದು ಹೇಳಿದ. ಏನಾಗೇತಿ?"

"ಅವ್ವ, ಅಲ್ಲೇ ನಿಂದ್ರು! ಹತ್ತರ ಬರಬ್ಯಾಡ!"

"ಮಾರಿ ಯಾಕ ಹಿಂಗಾಗೇತಿ?"

"ಕೈ ಚಾಚಬ್ಯಾಡ. ನನ್ನ ಆಣಿ ಐತಿ. ಚಾಚಬ್ಯಾಡ."

ಆಕೆ ಹತ್ತಿರ ಬಂದಳು. ಡಬ್ಬಿ ನೆಲಕ್ಕಿಟ್ಟಳು. ಮಗನ ಕತ್ತಿನ ನರ ನೋಡಿದಳು. ಎರಡೂ ಕೈ ಮೇಲೆತ್ತಿದಳು.

"ತಾ ಇಲ್ಲೆ."

ಬೇಡ ಎಂದು ತಲೆ ಅಲ್ಲಾಡಿಸಬೇಕೆಂದುಕೊಂಡ. ಅಲ್ಲಾಡಿಸಿದೆ ಎಂದೇ ಇವತ್ತಿಗೂ ಹೇಳುತ್ತಾನೆ. ಆದರೆ ತಲೆ ಬಗ್ಗಿತು. ಭಾರಕ್ಕೆ ಬಗ್ಗಿತೋ, ರೂಢಿಗೆ ಬಗ್ಗಿತೋ, ಅವನಿಗೆ ತಿಳಿಯದು. ನೆತ್ತಿ ಹಗುರಾಯಿತು. ಉಸಿರು ತುಂಬಿ ಬಂತು. ಆ ಹಗುರಿಗೆ ಅವನ ಜೀವ ಒಂದು ಕ್ಷಣ ಹಿಗ್ಗಿತು. ಆ ಒಂದು ಕ್ಷಣದ ಹಿಗ್ಗನ್ನು ಅವನು ತನಗೆ ಎಂದೂ ಕ್ಷಮಿಸಲಿಲ್ಲ. ಟಂಟಂನ ದೀಪದ ಬೆಳಕಿನಲ್ಲಿ ಎರಡು ನೆರಳು ಬಿದ್ದಿದ್ದವು. ಬುಟ್ಟಿ ಅವ್ವನ ನೆರಳಿನ ಮೇಲಿತ್ತು.

ಮೂರು ದಿನ ಶಾಂತಾದೇವಿ ಅದನ್ನು ಹೊತ್ತಳು. ಕತ್ತು ನೆಟ್ಟಗೆ ಮಾಡಿಕೊಂಡೇ ರೊಟ್ಟಿ ಬಡಿದಳು, ಅಂಗಳ ಗುಡಿಸಿದಳು. "ತಲಿ ಸ್ವಲ್ಪ ಭಾರ ಐತಿ, ಮತ್ತೇನಿಲ್ಲ," ಎನ್ನುತ್ತಿದ್ದಳು. ಕಲ್ಮೇಶ ಆಕೆಯ ಮುಂದೆ ಮೊಣಕಾಲೂರಿ ಕೈ ಚಾಚಿ, "ತಾ ಇಲ್ಲೆ ಅವ್ವ, ತಿರುಗಿ ಕೊಡು," ಎಂದು ಕಾಡಿದ, ಬೇಡಿದ, ಬೈದ. ಆಕೆ ತಲೆ ಬಗ್ಗಿಸಲಿಲ್ಲ.

"ನಿನಗ ಹೊರಾಕ ಬರೂದಿಲ್ಲೋ ಕಲ್ಲೂ. ಒಂದ ಸಣ್ಣ ಕೂಸೂ ಐತಿ ಇದರಾಗ. ಬಿದ್ದೀತು, ಸುಮ್ಮನಿರು."

ನಾಲ್ಕನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಕುಸಿದಳು. ಆಸ್ಪತ್ರೆಯಲ್ಲಿ ತೆಗೆದ ಚಿತ್ರದಲ್ಲಿ ಕತ್ತಿನ ಎಲುಬುಗಳು ಒಂದರೊಳಗೊಂದು ಇಳಿದಿದ್ದವು. ಇಷ್ಟು ಭಾರ ಹೊತ್ತು ಇವರು ಏನು ಕೆಲಸ ಮಾಡುತ್ತಿದ್ದರು ಎಂದು ಡಾಕ್ಟರು ಕೇಳಿದರು.

ಅವ್ವನನ್ನು ಮಣ್ಣು ಮಾಡಿದ ದಿನ ಇಂದುಬಾಯಿ ಬಂದು ಅವನ ಪಕ್ಕದಲ್ಲಿ ಕುಳಿತಳು. "ಹೊತ್ತು ಸತ್ತಾಕಿ ಹೆಸರಿಲೆ ಕಲ್ಲ ನಿಂದ್ರಸ್ತಾರಪಾ. ಅಂದ್ರ ಹೊರಿಗಿ ಒಂದ ಜಾಗಾ ಆಕ್ಕೈತಿ," ಎಂದಳು. ಅವಳು ಜೋಪಾನವಾಗಿ ಎತ್ತಿಟ್ಟಿದ್ದ ಸಿಂಬಿಯನ್ನು ಅದೇ ಗುಂಡಿಯಲ್ಲಿಟ್ಟರು. ಹೊಸ ಕಲ್ಲು ನಿಂತಿತು. ರಸ್ತೆ ಅಲ್ಲಿ ಸ್ವಲ್ಪ ತಿರುಗಿ ಹೋಗುತ್ತದೆ. ಯಾಕೆಂದು ನಕಾಶೆ ಹೇಳುವುದಿಲ್ಲ. ನಕಾಶೆಯ ಆ ಜಾಗದಲ್ಲಿ ಸಿದ್ದಲಿಂಗವ್ವ, ಶಾಂತಾದೇವಿ ಎಂದು ಎರಡು ಹೆಸರು ಬರೆದು ಕಲ್ಮೇಶ ಮೇಲಿನವರಿಗೆ ಕಳಿಸಿದ್ದ. ಅಳಿಸಿ ಹಿಂದೆ ಕಳಿಸಿದರು.

ಹೆಂಗಸರು ಮಾತ್ರ ಬರುತ್ತಾರೆ. ಗಂಟು ಇಳಿಸುತ್ತಾರೆ. "ತಗೋ ಶಾಂತವ್ವ," ಎಂದು ಹೇಳಿ, ಹಗುರಾಗಿ ಹೋಗುತ್ತಾರೆ.

ಕಲ್ಮೇಶ ಸಂಜೆ ಮನೆಗೆ ಬರುತ್ತಾನೆ. ಬೀಗ ತೆಗೆಯುತ್ತಾನೆ. ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಚೀಲದಲ್ಲಿ ಅಂಥದ್ದೇನೂ ಇಲ್ಲ, ಒಂದು ಖಾಲಿ ಡಬ್ಬಿ, ಒಂದು ನೀರಿನ ಬಾಟಲಿ. ಕೆಳಗಿಟ್ಟರೆ ಮುಗಿಯಿತು. ಅವನು ಇಡುವುದಿಲ್ಲ, ಹಿಡಿದುಕೊಂಡೇ ನಿಂತಿರುತ್ತಾನೆ.