ಕಪ್ಪು ಹಿಡಿಯ ಚೂರಿ

ಬಟ್ಟಲಿನ ಒಳಭಾಗ ಉಜ್ಜಿ ಮುಗಿದು, ಹೆಸ್ಟರ್ ಅಂಚಿಗೆ ಬಂದಿದ್ದಳು. ಸೋಡಾಪುಡಿ ಮೆತ್ತಿದ ಬೆರಳು ಬೆಳ್ಳಿಯ ಮೇಲೆ ಒಂದೇ ಜಾಗದಲ್ಲಿ ಸುತ್ತುತ್ತಿತ್ತು. ಆ ಜಾಗ ಆಗಲೇ ಹೊಳೆಯುತ್ತಿತ್ತು.

ಸಂಜೆಗೆ ಊರಿನ ಮಾಟಗಾತಿಯರು, ಮಾಟಗಾರರು ಸೇರುವ ಹುಣ್ಣಿಮೆಯ ಕೂಟ. ಶುಂಠಿ ಕೇಕು ಒಲೆಯ ಪಕ್ಕ ಆರುತ್ತಿತ್ತು. ಚಹಾಕ್ಕೆಂದು ಎರಡು ಸಲ ನೀರು ಕಾಯಿಸಿದ್ದಳು, ಎರಡು ಸಲವೂ ಮರೆತಿದ್ದಳು. ಬೆರಿಲ್‌ಳ ಫೋನು ಬಂದಾಗಿನಿಂದ ಹೀಗೇ.

"ಡಂಕನ್ ಇನ್ಮೇಲೆ ಬಟ್ಟಲು ಹಿಡಿಯಲ್ವಂತೆ ಕಣೇ," ಎಂದಿದ್ದಳು ಕೂಟದ ಹಿರಿಯಳಾದ ಬೆರಿಲ್. "ಮಂಡಿ ನೋವಂತೆ. ಐವತ್ತು ದಾಟಿಲ್ಲ ಇನ್ನೂ! ನನ್ನ ವಯಸ್ಸಲ್ಲೂ ನಾನೇ ಕೂಟದಲ್ಲಿ ಪೊರಕೆ ಹಾರಿ ದಾಟ್ತೀನಿ. ಹೋಗ್ಲಿ ಬಿಡು, ಕೆವಿನ್‌ಗೆ ಹೇಳ್ತೀನಿ."

ಕೆವಿನ್ ಆದರೇನು, ಡಂಕನ್ ಆದರೇನು ಎಂದುಕೊಳ್ಳಲು ಹೆಸ್ಟರ್ ಪ್ರಯತ್ನಿಸಿದಳು. ಆಗಲಿಲ್ಲ.

ಪ್ರತಿ ಹುಣ್ಣಿಮೆಯೂ ಡಂಕನ್ ಅವಳೆದುರು ಮಂಡಿಯೂರಿ ವೈನು ತುಂಬಿದ ಬಟ್ಟಲನ್ನು ಎತ್ತಿ ಹಿಡಿಯುತ್ತಿದ್ದ. ಅವಳು ಕಪ್ಪು ಹಿಡಿಯ ಚೂರಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ಮೊನೆಯನ್ನು ವೈನಿಗೆ ಇಳಿಸುತ್ತಿದ್ದಳು. ಚೂರಿ ಗಂಡು, ಬಟ್ಟಲು ಹೆಣ್ಣು. ಎರಡೂ ಕೂಡಿದಲ್ಲಿ ಬದುಕು. ಹಾಗಾದರೆ ಚೂರಿ ಹೆಣ್ಣಿನ ಕೈಯಲ್ಲೇಕೆ ಎಂದು ಹೊಸಬರು ಕೇಳಿದರೆ ಬೆರಿಲ್ ನಗುತ್ತಿದ್ದಳು. "ಅವರವರದ್ದು ಅವರವರೇ ಹಿಡ್ಕೊಂಡ್ರೆ ಕೊಡೋಕೇನು ಉಳೀತು?"

ಆ ಚೂರಿ ಏನನ್ನೂ ಕೊಯ್ಯುವುದಿಲ್ಲ. ಸೊಪ್ಪು, ದಾರ ಕೊಯ್ಯಲು ಬಿಳಿ ಹಿಡಿಯದು ಬೇರೆ ಇದೆ. ಕಪ್ಪು ಹಿಡಿಯದು ಒಬ್ಬೊಬ್ಬರಿಗೂ ಒಂದು; ಅದು ಯಾರದೋ ಅವರ ಮನಸ್ಸು, ಅಷ್ಟೆ. ಚೂರಿ ಮರೆತು ಬಂದವರಿಗೆ, "ತೋರುಬೆರಳಿದೆಯಲ್ಲ, ಸಾಕು" ಎನ್ನುವುದೂ ಬೆರಿಲ್‌ಳೇ.

ಹೋದ ಹುಣ್ಣಿಮೆಯಲ್ಲಿ ಮಾತ್ರ ಮೊನೆ ಅಂಚಿಗೆ ತಗುಲಿ 'ಟಿಂಗ್' ಎಂದಿತ್ತು. ನಡುಗಿದ್ದು ಅವಳ ಕೈಯಲ್ಲ.

ಹಿತ್ತಲ ಬಾಗಿಲಲ್ಲಿ ಸದ್ದಾಯಿತು. ಡಂಕನ್ ಹೊಸ ಪೊರಕೆಯನ್ನು ಗೋಡೆಗೆ ಒರಗಿಸಿ, ಬೆಕ್ಕಿನಂತೆ ಹಿಂದೆ ಸರಿಯುತ್ತಿದ್ದ. ಮರಗಳ ಕೊಂಬೆ ಸವರುವುದು ಅವನ ಕಸುಬು; ಕೂಟದ ಪೊರಕೆ, ಕೋಲು, ಚೂರಿಯ ಹಿಡಿ ಎಲ್ಲ ಅವನ ಕೈಯವೇ.

"ಕಳ್ಳನ ಹಾಗೆ ಎಲ್ಲಿಗೆ ಹೊರಟೆ?"

"ಮಾಟಗಾತಿ ಮನೇಲಿಲ್ಲ ಅಂದ್ಕೊಂಡೆ."

"ಪೊರಕೆ ನಿನ್ನ ಹತ್ರ ಇದ್ರೆ ನಾನು ಯಾತರ ಮೇಲೆ ಹಾರ್‍ಲಿ?"

ಅವನ ಎಡಗಣ್ಣಿನ ಅಂಚು ಮೊದಲು ನಕ್ಕಿತು, ಬಾಯಿ ಆಮೇಲೆ. ಆ ಕ್ರಮ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮಂಡಿ ಹೇಗಿದೆ?" ಎಂದಳು.

"ಯಾವ ಮಂಡಿ?"

ಅವಳು ನಕ್ಕುಬಿಟ್ಟಳು. ಅವನ ಕಿವಿ ಕೆಂಪಾಯಿತು.

"ಸುಳ್ಳು ಹೇಳೋಕೂ ಬರಲ್ಲ ನಿನಗೆ. ನನ್ನ ಮುಂದೆ ಕೂತು ಸಾಕಾಯ್ತಾ, ಡಂಕನ್?"

ಅವನು ಪೊರಕೆಯ ಕಡ್ಡಿಯೊಂದನ್ನು ಸರಿಪಡಿಸಿದ. ಅದು ಸರಿಯಾಗಿಯೇ ಇತ್ತು.

"ಆ ಚೂರಿ ರಸೆಲ್‌ದು," ಎಂದ.

ಸೋಡಾಪುಡಿ ಅವಳ ಬೆರಳ ಮೇಲೆ ಒಣಗುತ್ತಿತ್ತು.

"ನಿಮ್ಮಿಬ್ಬರ ಚೂರಿಗೂ ಹಿಡಿ ಮಾಡಿದವನು ನಾನು. ಅವನದರ ಬುಡದಲ್ಲಿ ಮರದ ಗಂಟಿತ್ತು. ನಿನ್ನದರಲ್ಲಿ ಇರ್‍ಲಿಲ್ಲ. ಹೋದ ಸಲ ದೀಪದ ಬೆಳಕು ಆ ಗಂಟಿನ ಮೇಲೆ ಬಿತ್ತು."

"ಇಷ್ಟು ವರ್ಷ ಕಾಣಿಸ್ಲಿಲ್ವಾ?"

"ಚೂರಿನ ಯಾರು ನೋಡ್ತಿದ್ರು?"

ಅವಳು ಕುರ್ಚಿ ಎಳೆದು ಕುಳಿತಳು. ಸತ್ತವರ ಚೂರಿ ಅವರ ಜೊತೆಗೇ ಹೋಗಬೇಕು, ಮಣ್ಣಿಗೋ ನೀರಿಗೋ. ಗಂಡ ರಸೆಲ್ ತೀರಿಕೊಂಡ ವಾರ ಎಲ್ಲರೂ ಸೇತುವೆಯ ಮೇಲೆ ನಿಂತಿದ್ದರು. ಅವಳ ಕೈಚೀಲದಲ್ಲಿ ಎರಡು ಚೂರಿಗಳಿದ್ದವು. ಗಂಟಿನ ಹಿಡಿಯನ್ನು ಬೆರಳು ಬಿಡಲೊಲ್ಲದೆ, ತನ್ನದನ್ನು ಕಾಲ್ಡರ್ ನದಿಗೆ ಎಸೆದಿದ್ದಳು. ಯಾರಿಗೂ ತಿಳಿಯಲಿಲ್ಲ.

"ಅವನದು ಅಂತ ಒಂದಾದ್ರೂ ಇರ್‍ಲಿ ಅನ್ನಿಸ್ತು," ಎಂದಳು ಮೆಲ್ಲಗೆ.

"ಅದು ಅರ್ಥ ಆಗುತ್ತೆ. ಆದ್ರೆ ಹೆಸ್ಟರ್, ನಮ್ಮ ಲೆಕ್ಕದಲ್ಲಿ ಅವತ್ತು ನೀರಿಗೆ ಹೋಗಿದ್ದು ನೀನು. ಅವನಲ್ಲ." ಅವನು ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ. "ಪ್ರತಿ ಹುಣ್ಣಿಮೆ ನಾನು ಹಿಡಿದ ಬಟ್ಟಲಿಗೆ ನೀನು ಬರ್‍ತೀಯ ಅಂದ್ಕೊಂಡಿದ್ದೆ. ಬರೀ ಸಂಕೇತ ಅಂತ ಬೆರಿಲ್ ಹೇಳ್ತಾಳೆ. ನನಗೆ ಯಾವತ್ತೂ ಬರೀ ಸಂಕೇತ ಆಗಿರ್‍ಲಿಲ್ಲ. ರಸೆಲ್ ನನ್ನ ಗೆಳೆಯ. ಆದ್ರೆ ಅವನ ಚೂರಿಗೋಸ್ಕರ ಇನ್ನು ಕೂರೋಕೆ ನನ್ನಿಂದಾಗಲ್ಲ."

ಅವಳಿಗೆ ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಕೇಕು ತಿಂತೀಯಾ?"

"ನಿನ್ನ ಕೇಕಾ? ಇರೋ ಹಲ್ಲು ಇರ್‍ಲಿ ಮಾರಾಯ್ತಿ." ನಗಲು ನೋಡಿದ. ಈ ಸಲ ಕಣ್ಣು ನಗಲಿಲ್ಲ. "ಸಂಜೆ ಬರ್‍ತೀನಿ. ಹಿಂದೆ ನಿಂತಿರ್‍ತೀನಿ."

ಅವನು ಕಾಲುವೆಯ ದಾರಿಯಲ್ಲಿ ಸ್ವಲ್ಪವೂ ಕುಂಟದೆ ನಡೆದು ಹೋದ.

ಹೆಸ್ಟರ್ ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆದಳು. ಒರೆಯಿಂದ ಚೂರಿ ತೆಗೆದಳು, ಇಟ್ಟಳು, ಮತ್ತೆ ತೆಗೆದಳು. ಹೆಬ್ಬೆರಳು ತಾನಾಗಿ ಆ ಗಂಟಿನ ಮೇಲೆ ಹೋಗಿ ಕುಳಿತಿತು. ರಸೆಲ್‌ನ ಹೆಬ್ಬೆರಳೂ ಅಲ್ಲೇ ಕೂರುತ್ತಿತ್ತು. ಆದರೆ ಅವನ ಬೆರಳು ಹೇಗಿತ್ತೆಂದು ನೆನೆಯಹೋದರೆ ಬಟ್ಟಲನ್ನು ಸುತ್ತಿದ ಬೇರೆಯೇ ಬೆರಳುಗಳು ಕಣ್ಣಿಗೆ ಬಂದವು. ಮರದ ಹಸಿರು ಕಲೆ ಹತ್ತಿದ ಬೆರಳುಗಳು.

ಅವಳು ನಿಂತಳು.

ರಸೆಲ್‌ನ ಉಣ್ಣೆಯ ಮಫ್ಲರಿನಲ್ಲಿ ಚೂರಿಯನ್ನು ಸುತ್ತಿ ಬಾಗಿಲ ಬಳಿಯ ಕಪಾಟಿನಲ್ಲಿಟ್ಟಳು. ಬೆಳಗಾದರೆ ಸೇತುವೆ ದೂರವೇನಲ್ಲ. ಒಬ್ಬಳೇ ಹೋಗಬಹುದು. ಖಾಲಿ ಒರೆಯನ್ನು ಎಂದಿನಂತೆ ಸೊಂಟಕ್ಕೆ ಕಟ್ಟಿಕೊಂಡಳು. ಆಮೇಲೆ ನಲ್ಲಿಯ ಕೆಳಗೆ ಬಲಗೈಯ ತೋರುಬೆರಳನ್ನು ಹಿಡಿದು, ಸೋಡಾಪುಡಿ ಹೋಗುವವರೆಗೆ, ಉಗುರಿನ ಸಂದಿಯವರೆಗೆ, ನಿಧಾನವಾಗಿ ತೊಳೆದಳು.

ಹೊರಗೆ ಬೆರಿಲ್‌ಳ ಕಾರು ಹಾರ್ನ್ ಹಾಕಿತು.

"ಕೆವಿನ್‌ಗೆ ಹೇಳಿದೀನಿ ಕಣೇ," ಎಂದಳು ಬೆರಿಲ್ ಕಿಟಕಿಯಿಂದ.

"ಬೇಡ. ಡಂಕನ್ನೇ ಹಿಡೀಲಿ. ಮಂಡಿ ಸರಿಹೋಗಿದೆ."

"ಅದ್ಯಾವಾಗ?"

"ಈಗ ತಾನೇ ನೋಡ್ದೆ, ನೆಟ್ಟಗೆ ನಡೀತಿದ್ದ."

ಬೆರಿಲ್ ಕನ್ನಡಕದ ಮೇಲಿಂದ ದಿಟ್ಟಿಸಿದಳು. "ಎಲ್ಲಾ ತಗೊಂಡೆ ತಾನೆ? ಬಟ್ಟಲು? ಚೂರಿ?"

ಹೆಸ್ಟರ್ ಕಾರು ಹತ್ತಿ, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಹಗುರವಾದ ಒರೆಯ ಮೇಲೆ ಕೋಟಿನ ಅಂಚನ್ನು ಎಳೆದುಕೊಂಡಳು.

"ಎಲ್ಲಾ ಇದೆ," ಎಂದಳು. "ನಡಿ."