ವಾಚಾಮಣಿಯ ಕಣ್ಣು ಬಿದ್ದ ಹುಡುಗಿ

ಬಹಳ ಹಿಂದೆ, ಕಲ್ಲಿನ ಸಿಂಹಗಳೂ ಬಾಯಿಬಿಟ್ಟು ಮಾತಾಡುತ್ತಿದ್ದ ಕಾಲದಲ್ಲಿ, ಮುತ್ತುಗಪುರ ಅಂತ ಒಂದು ರಾಜ್ಯವಿತ್ತು. ಅದರ ಹೆಬ್ಬಾಗಿಲಲ್ಲಿ ಒಂದು ಕಲ್ಲುಸಿಂಹ ಕೂತಿತ್ತು. ಹೊರಗಿನಿಂದ ವಲಸೆ ಬಂದವರು ವರ್ಷ ತುಂಬಿದ ದಿನ ತಮ್ಮ ಮಗುವನ್ನು ಅದರ ಮುಂದೆ ನಿಲ್ಲಿಸಬೇಕು. ಸಿಂಹ ಕೇಳಿದ್ದಕ್ಕೆ ಮಗು ಮುತ್ತುಗಪುರದ ನುಡಿಯಲ್ಲಿ ಉತ್ತರ ಕೊಟ್ಟರೆ ಅವರು ಅಲ್ಲೇ ಉಳಿಯಬಹುದು. ಕೊಡದಿದ್ದರೆ ಮನೆಮಂದಿಯೆಲ್ಲ ಕಲ್ಲಾಗುತ್ತಿದ್ದರು. ದಾರಿಯ ಎರಡೂ ಬದಿ ಅಂಥ ಕಲ್ಲುಗಳು ನಿಂತಿದ್ದವು, ಕಂಕುಳಲ್ಲಿ ಗಂಟು, ಸೊಂಟದ ಮೇಲೆ ಕೂಸು.

ಇಂಥ ಕಾನೂನು ಯಾವ ಪುಣ್ಯಾತ್ಮ ಮಾಡಿದ ಅಂತೀರಾ? ರಾಜನ ಕಿವಿಯಲ್ಲಿ ಊದಿದವನು ಅರಮನೆಯ ಪಂಡಿತ ವಾಚಾಮಣಿ. ಬೆಣ್ಣೆಯಂಥ ಮಾತು, ಜೋಳಿಗೆ ತುಂಬ ಕಲ್ಲುಸಕ್ಕರೆ. ಕಂಡ ಕಂಡ ಮಕ್ಕಳಿಗೆ ಸಿಹಿ ಹಂಚುವವರನ್ನು ನಾನಂತೂ ನಂಬುವುದಿಲ್ಲ. ಸಾಲದ್ದಕ್ಕೆ, ವರ್ಷ ಕಳೆದ ಹಾಗೆ ಅವನು ಇನ್ನೂ ಚಿಕ್ಕವನಾಗುತ್ತಿದ್ದ. "ಯೋಗಾಭ್ಯಾಸ ಕಣ್ರೀ" ಅನ್ನುತ್ತಿದ್ದರು ಊರವರು. ಯೋಗಾಭ್ಯಾಸವಂತೆ, ನನ್ನ ತಲೆ!

ಆ ಊರಿಗೆ ಓಲಿ ಎಂಬ ಹೆಂಗಸು ಬಂದಳು. ಅವಳ ದ್ವೀಪವನ್ನು ಕಡಲು ನುಂಗಿತ್ತು. ಉಳಿದದ್ದು ಮಗಳು ಮಿರ್ಲಿ ಒಬ್ಬಳೇ, ಏಳು ವರ್ಷದ ಬಾಯಿಬಡುಕಿ. ಓಲಿ ಬೀದಿಬೀದಿ ಅಲೆದು ಉಪ್ಪು ಮಾರತೊಡಗಿದಳು.

ಮೊದಲ ವಾರವೇ ವಾಚಾಮಣಿ ಅವರ ಗುಡಿಸಲಿಗೆ ಬಂದ.

"ತಾಯೀ, ಮನೆಯಲ್ಲಿ ನಿಮ್ಮ ದ್ವೀಪದ ನುಡಿ ಆಡಬೇಡಿ. ಎರಡು ನುಡಿ ಸೇರಿದರೆ ಮಗುವಿನ ತಲೆ ಕೆಡುತ್ತೆ. ಮಗು ನಿಮಗೆ ಬೇಕು ತಾನೇ?"

ಓಲಿ ಹೆದರಿ ಹೂಂ ಅಂದಳು. ಅವಳಿಗೋ ಮುತ್ತುಗಪುರದ ನುಡಿ ಸಂತೆಗೆ ಸಾಲುವಷ್ಟು ಮಾತ್ರ ಬರುತ್ತಿತ್ತು. ಅದರಲ್ಲಿ ಮಗಳನ್ನು ಮುದ್ದಿಸುವುದು ಹೇಗೆ? ಜೋಗುಳ ನಿಂತಿತು, ಬೈಗುಳವೂ ನಿಂತಿತು. ಮನೆಯಲ್ಲಿ ಆಡದ ಮಾತು ಬಾಯೊಳಗೆ ಹಾಲುಹಲ್ಲಿನ ಹಾಗೆ ಸಡಿಲವಾಗುತ್ತದೆ. ಮಿರ್ಲಿ ಕಲ್ಲುಸಕ್ಕರೆ ಚೀಪುವಾಗ ವಾಚಾಮಣಿ ಅವಳ ಬಾಯನ್ನೇ ದಿಟ್ಟಿಸುತ್ತಿದ್ದ. ಒಂದೊಂದು ನೋಟಕ್ಕೆ ಒಂದೊಂದು ಮಾತು ಕಳಚಿ ಅವನ ಹೊಟ್ಟೆ ಸೇರುತ್ತಿತ್ತು. ಕೊನೆಗೆ ಹುಡುಗಿಗೆ ಆ ನುಡಿಯೂ ಇಲ್ಲ, ಈ ನುಡಿಯೂ ಇಲ್ಲ. ವರ್ಷ ತುಂಬುವುದು ಹತ್ತಿರವಾಗಿತ್ತು.

ಆಗ ಒಂದು ಸಂಜೆ ತಿಪ್ಪಜ್ಜಿ ಬಂದಳು. ಆಲದಡಿ ಮಕ್ಕಳಿಗೆ ಮರಳಲ್ಲಿ ಅಕ್ಷರ ತಿದ್ದಿಸುವ ಮುದುಕಿ.

"ಏನವ್ವಾ, ನಿಮ್ಮ ಕಡೆ ಮಗೂಗೆ ದೃಷ್ಟಿ ಹೇಗೆ ತೆಗೀತೀರಿ?"

ನಮ್ಮ ಮಂತ್ರ ಇವಳಿಗೇಕೆ? ಓಲಿ ದಢಾರನೆ ಬಾಗಿಲು ಹಾಕಿಕೊಂಡಳು.

ಎರಡನೆಯ ಸಂಜೆಯೂ ಅಜ್ಜಿ ಬಂದಳು. "ನಮ್ಮಲ್ಲಿ ತೆಗೆಯೋದೇ ಇಲ್ಲ" ಅಂತ ಓಲಿ ಸುಳ್ಳು ಹೇಳಿದಳು.

ಮೂರನೆಯ ಸಂಜೆ ಅಜ್ಜಿ ಏನೂ ಕೇಳಲಿಲ್ಲ. ಹೊಸಿಲ ಹೊರಗೇ ಕೂತು, ತಂದಿದ್ದ ಕೆಂಡದ ಮಡಕೆ ಪಕ್ಕಕ್ಕಿಟ್ಟು, ಸೆರಗಿನಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು, ಮಿರ್ಲಿಯನ್ನು ಕರೆದು ನೀವಾಳಿಸತೊಡಗಿದಳು.

"ಬೆಕ್ಕಿನ ಕಣ್ಣು, ಕಾಗೆ ಕಣ್ಣು, ಎದುರುಮನೆ ಕಣ್ಣು..."

ಮಿರ್ಲಿಯ ತುಟಿ ಅಲುಗಿತು. ಸುತ್ತುವ ಕೈ ಗೊತ್ತು, ಉಪ್ಪು ಗೊತ್ತು, ಮುಂದೆ ಏನು ಬರುತ್ತದೆ ಅನ್ನುವುದೂ ಗೊತ್ತು!

"ಮೀಲು ತೀಮು," ಅಂದಳು ಮಿರ್ಲಿ, ದ್ವೀಪದ ನುಡಿಯಲ್ಲಿ. "ಕರ್ಕಾ ತೀಮು."

"ಮೀಲು ಅಂದರೆ ಬೆಕ್ಕಾ?" ಅಜ್ಜಿ ಮೀಸೆ ತಿರುವುವ ಹಾಗೆ ಅಭಿನಯಿಸಿದಳು. ಮಿರ್ಲಿ ತಲೆಯಾಡಿಸಿದಳು. "ಹಾಗಾದರೆ ತೀಮು ಅಂದರೆ ಕಣ್ಣು. ಹೇಳು ನೋಡೋಣ, ಕಣ್ಣು."

"ಕಣ್ಣು," ಅಂದಳು ಹುಡುಗಿ.

ಓಲಿ ಒಳಗಿನಿಂದ ಓಡಿಬಂದು ಮಗಳನ್ನು ಎದೆಗವಚಿಕೊಂಡಳು. ಅಜ್ಜಿ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು. ಅದು ಸುಟ್ಟು ಕರಕಲಾದರೂ ಘಾಟು ಬರಲಿಲ್ಲ. ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ ಅಂತಲೇ ಲೆಕ್ಕ. ಅದು ಮುತ್ತುಗಪುರದ ತಾಯಂದಿರಿಗೂ ಗೊತ್ತು, ದ್ವೀಪದವರಿಗೂ ಗೊತ್ತು.

"ನೀನೇ! ಕಣ್ಣು ಹಾಕಿದ್ದು ನೀನೇ!" ಓಲಿ ಕಿರುಚಿದಳು.

"ಅನುಮಾನ ಪಡು ತಾಯಿ, ತಪ್ಪೇನಿಲ್ಲ" ಅಂದ ಅಜ್ಜಿ ಇನ್ನೊಂದು ಮೆಣಸಿನಕಾಯಿ ಹಿಡಿದು "ತಿಪ್ಪಜ್ಜಿ ಕಣ್ಣು" ಎಂದು ನೀವಾಳಿಸಿ ಕೆಂಡಕ್ಕೆ ಎಸೆದಳು. ಮೂವರೂ ಕೆಮ್ಮಿ ಕೆಮ್ಮಿ ಸುಸ್ತಾದರು. "ನನ್ನದಲ್ಲ, ನೋಡಿದೆಯಾ? ಇವಳ ಬಾಯಲ್ಲಿ ನಿಮ್ಮನೆ ಮಾತು ಒಂದಿದ್ದರೆ ಸಾಕು, ಅದರ ಪಕ್ಕ ನನ್ನದೊಂದು ಕೂರಿಸ್ತೀನಿ. ಖಾಲಿ ಬಾಯಿಗೆ ಏನು ಕಲಿಸಲಿ?"

ಅಂದಿನಿಂದ ದಿನಾ ಸಂಜೆ ಒಬ್ಬಳು ಆ ನುಡಿಯಲ್ಲಿ, ಒಬ್ಬಳು ಈ ನುಡಿಯಲ್ಲಿ ದೃಷ್ಟಿ ತೆಗೆದರು. ಮಿರ್ಲಿ ಎರಡರಲ್ಲೂ ಹೇಳಿದಳು. ಆದರೆ ಆ ಸಾಲುಗಳ ಆಚೆ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಓಲಿಗೆ ಊರಿನ ಮೇಲೆಲ್ಲ ಗುಮಾನಿ. ಹಾಲಿನವಳು ನಕ್ಕರೂ ಗುಮಾನಿ, ನಗದಿದ್ದರೂ ಗುಮಾನಿ.

ವರ್ಷ ತುಂಬಿದ ದಿನ ಹೆಬ್ಬಾಗಿಲಲ್ಲಿ ಜನವೋ ಜನ. ರಾಜ ಬಂದಿದ್ದ. ಪಕ್ಕದಲ್ಲಿ ವಾಚಾಮಣಿ, ಹದಿನೆಂಟರ ಹುಡುಗನ ಹಾಗೆ ನಳನಳಿಸುತ್ತಿದ್ದ.

"ಮಗೂ, ನೀನು ಯಾರು?" ಸಿಂಹ ಗುಡುಗಿತು.

ಮಿರ್ಲಿ ಸುಮ್ಮನೆ ನಿಂತಳು. ಓಲಿಯ ಕಾಲಿನ ಹೆಬ್ಬೆರಳು ಆಗಲೇ ತಣ್ಣಗಾಗಿ ಕಲ್ಲಾಗತೊಡಗಿತು.

"ಮಹಾಸ್ವಾಮಿ, ಮಗೂಗೆ ದೃಷ್ಟಿಯಾಗಿದೆ, ತೆಗೆಯೋಕೆ ಅಪ್ಪಣೆ ಕೊಡಿ" ಅಂತ ತಿಪ್ಪಜ್ಜಿ ಕೆಂಡದ ಮಡಕೆ ಕೆಳಗಿಟ್ಟು ಕೈಮುಗಿದಳು. ರಾಜನೂ ತಾಯಿ ಸಾಕಿದ ಮಗನೇ ಅಲ್ಲವೇ, ಒಪ್ಪಿದ.

ಓಲಿಯ ಕೈಯಲ್ಲಿ ಮೂರು ಮೆಣಸಿನಕಾಯಿ. "ಕಾವಲುಗಾರನ ಕಣ್ಣು" ಎಂದು ಮೊದಲನೆಯದನ್ನು ಕೆಂಡಕ್ಕೆ ಹಾಕಿದಳು. ಜನರೆಲ್ಲ ಕೆಮ್ಮಿದರು. ಕಣ್ಣುಮುಚ್ಚಿ ಧೈರ್ಯ ಮಾಡಿ "ರಾಜನ ಕಣ್ಣು" ಎಂದು ಎರಡನೆಯದನ್ನು ಹಾಕಿದಳು. ರಾಜ ಮೂಗು ಮುಚ್ಚಿಕೊಂಡ, ಕಲ್ಲುಸಿಂಹ ಸೀನಿತು. ಕಲ್ಲು ಅವಳ ಮಂಡಿಗೆ ಏರಿತ್ತು. ಇನ್ನು ಯಾರ ಹೆಸರು ಹೇಳಬೇಕೋ ಓಲಿಗೆ ತೋಚಲಿಲ್ಲ. ತಿಪ್ಪಜ್ಜಿಗೆ ಒಂದು ಹೆಸರು ನಾಲಗೆ ತುದಿಗೆ ಬಂದಿತ್ತು. ಆದರೆ ಪಂಡಿತನ ಹೆಸರೆತ್ತಿದವರ ತಲೆ ಉಳಿಯುತ್ತಿರಲಿಲ್ಲ, ಮುದುಕಿ ಹೆದರಿದಳು.

ಮಿರ್ಲಿ ಅಮ್ಮನ ಕೈಯಿಂದ ಮೆಣಸಿನಕಾಯಿ ಕಿತ್ತುಕೊಂಡಳು.

"ವಾಚಾಮಣಿ ತೀಮು," ಅಂದಳು ಗಟ್ಟಿಯಾಗಿ. "ವಾಚಾಮಣಿ ಕಣ್ಣು!" ಥೂ ಥೂ ಥೂ ಎಂದು ಉಗಿದು ಕೆಂಡಕ್ಕೆ ಎಸೆದಳು.

ಯಾರೂ ಹೇಳಿಕೊಡದೆ ಅವಳು ತಾನೇ ಕಟ್ಟಿದ ಮೊದಲ ಮಾತು ಅದು. ಮೆಣಸಿನಕಾಯಿ ಕರಕಲಾಯಿತು. ಘಾಟೇ ಇಲ್ಲ! ಒಬ್ಬರೂ ಕೆಮ್ಮಲಿಲ್ಲ. ಊರಿಗೆ ಊರೇ ತಿರುಗಿ ವಾಚಾಮಣಿಯನ್ನು ನೋಡಿತು.

"ಸುಳ್ಳು! ಇದೆಲ್ಲ..." ಎಂದು ಅವನು ಬಾಯಿ ತೆರೆದದ್ದೇ ತಡ, ನುಂಗಿದ ಮಾತುಗಳೆಲ್ಲ ಗೊರವಂಕದ ಹಿಂಡಾಗಿ ಹೊರಗೆ ಹಾರಿದವು. ಒಂದೊಂದೂ ತನ್ನ ತನ್ನ ಮಗುವಿನ ಬಾಯಿ ಹುಡುಕಿಕೊಂಡು ಹೋಯಿತು. ವಾಚಾಮಣಿಗೆ ನೂರು ವರ್ಷ, ಇನ್ನೂರು ವರ್ಷ ಏರಿತು, ಅವನು ಹಿಡಿ ಬೂದಿಯಾಗಿ ಗಾಳಿಗೆ ತೂರಿಹೋದ. ಪೀಡೆ ತೊಲಗಿತು!

"ಮಗೂ, ನೀನು ಯಾರು?" ಸಿಂಹ ಮೂಗೊರೆಸಿಕೊಂಡು ಮತ್ತೆ ಕೇಳಿತು.

"ನಾನು ಮಿರ್ಲಿ. ಉಪ್ಪಿನ ಓಲಿಯ ಮಗಳು. ಇವಳು ನಮ್ಮಮ್ಮ, ಅವಳನ್ನ ಬಿಡು!"

ಓಲಿಯ ಕಾಲು ಮೆತ್ತಗಾಯಿತು. ದಾರಿಬದಿಯ ಕಲ್ಲುಗಳು ಮೈಮುರಿದು ಎದ್ದು, ಅಳುವ ಕೂಸುಗಳನ್ನು ಸಮಾಧಾನ ಮಾಡತೊಡಗಿದವು. ರಾಜನಿಗೆ ನಾಚಿಕೆಯಾಯಿತು, ಆಗಬೇಕಾದದ್ದೇ. ಆ ಕಾನೂನನ್ನು ಅಲ್ಲೇ ರದ್ದು ಮಾಡಿ ಏನೇನೋ ದೊಡ್ಡ ದೊಡ್ಡ ಮಾತು ಹೇಳಿದ. ಓಲಿಗೆ ಒಂದೂ ತಿಳಿಯಲಿಲ್ಲ. ಹೆದರಿ ಮಗಳ ಮುಖ ನೋಡಿದಳು.

ಮಿರ್ಲಿ ಅಮ್ಮನ ಕೊರಳು ತಬ್ಬಿ, ಕಿವಿಯ ಹತ್ತಿರ, ದ್ವೀಪದ ನುಡಿಯಲ್ಲಿ ಹೇಳಿದಳು: "ಅಮ್ಮಾ, ನಾವು ಇಲ್ಲೇ ಇರಬಹುದಂತೆ."

ಓಲಿ ಬಿಕ್ಕಿ ಬಿಕ್ಕಿ ಅತ್ತಳು. "ಇನ್ನೊಂದು ಸಲ ಹೇಳೇ," ಅಂದಳು ಅದೇ ನುಡಿಯಲ್ಲಿ. ಮಿರ್ಲಿ ಇನ್ನೊಂದು ಸಲ ಹೇಳಿದಳು.

ಆಮೇಲೆ ಎಲ್ಲರೂ ಚೆನ್ನಾಗಿಯೇ ಬಾಳಿದರು. ಮುತ್ತುಗಪುರದ ಮಕ್ಕಳು ಈಗಲೂ ಒಂದು ನುಡಿಯಲ್ಲಿ ಜಗಳ ಶುರುಮಾಡಿ ಇನ್ನೊಂದರಲ್ಲಿ ಮುಗಿಸುತ್ತಾರೆ. ತಾಯಂದಿರು ಎರಡರಲ್ಲೂ ಬೈಯುತ್ತಾರೆ.