ಅಳಿಸಿಹೋದ ಆಟದ ಪ್ರಕರಣ

ಸೋಮವಾರ ಬೆಳಗ್ಗೆ ಹತ್ತೂಮುಕ್ಕಾಲಿಗೆ ಠಾಣೆಗೆ ಬಂದ ದೂರನ್ನು ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಮೊದಲ ಸಲ ಅರ್ಥವಾಗಲಿಲ್ಲ, ಎರಡನೇ ಸಲ ಅರ್ಥವಾದದ್ದನ್ನು ನಂಬಲಾಗಲಿಲ್ಲ. ಕಾಲೇಜಿನ ನಾಲ್ವರು ಸೇರಿ ವರ್ಷವಿಡೀ ಮಾಡಿದ ವಿಡಿಯೋ ಗೇಮನ್ನು ಭಾನುವಾರ ಮಧ್ಯಾಹ್ನ ಯಾರೋ ಕಾಲೇಜಿನ ಸರ್ವರ್‌ನಿಂದ ಅಳಿಸಿಹಾಕಿದ್ದರು. ಸರಗಳ್ಳತನದ ಕೇಸುಗಳು ಮೇಜಿನ ಮೇಲೆ ಕೊಳೆಯುತ್ತಿರುವಾಗ, ಆಟ ಕಳೆದುಹೋಯಿತೆಂದು ಅಳುವವರು ಬೇರೆ!

ದೂರು ತಂದವನು ತಂಡದ ನಾಯಕ. ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು, ಅವನೂ ಅದನ್ನು ನಂಬಿಬಿಟ್ಟಿದ್ದ. ಠಾಣೆಗೂ ಸೆಂಟು ಬಳಿದುಕೊಂಡು ಬಂದಿದ್ದ. ಪಕ್ಕದಲ್ಲಿ ಅವನ ಸೋದರಮಾವ, ಕಾರಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ. ಹಿಂದೆ ವಿಭಾಗದ ಮುಖ್ಯಸ್ಥರು, ಮಾವನ ಮಾತು ಮುಗಿಯುವ ಮೊದಲೇ ಗೋಣು ಆಡಿಸುತ್ತ.

"ಪ್ರೋಗ್ರಾಂ ಬರೆಯೋ ಹುಡುಗಿ ಮೇಲೆ ಅನುಮಾನ ಸಾರ್," ಎಂದ ಕ್ಯಾಪ್ಟನ್. "ಅವಳ ಲಾಗಿನ್‌ನಿಂದಾನೇ ಅಳಿಸಿರೋದು. ನನ್ನ ಹೆಸರು ಮೇಲೆ ಬಂತು ಅಂತ ಹೊಟ್ಟೆಕಿಚ್ಚು."

"ನಾಳೆ ಈ ಆಟದ್ದೇ ಪ್ರಾಜೆಕ್ಟ್ ಪರೀಕ್ಷೆ," ಎಂದರು ಮುಖ್ಯಸ್ಥರು. "ಕೇಸು ತೀರ್ಮಾನ ಆಗೋವರೆಗೂ ಅವಳನ್ನ ಕೂರಿಸಲ್ಲ. ಕಾಲೇಜಿನ ಮರ್ಯಾದೆ ನೋಡಿ."

ಒಂದು ಹುಡುಗಿಯ ವರ್ಷ ಹಾಳಾದರೆ ಕಾಲೇಜಿನ ಮರ್ಯಾದೆ ಹೇಗೆ ಉಳಿಯುತ್ತದೆಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. ಎಫ್‌ಐಆರ್ ದಾಖಲಿಸಿಕೊಂಡರು.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಪಂಚನಾಮೆ ನಡೆಯಿತು. ಅಟೆಂಡರ್ ಮತ್ತು ಕಾವಲುಗಾರ ಪಂಚರು. ಸರ್ವರ್‌ನ ದಾಖಲೆಯ ಪ್ರಕಾರ ಭಾನುವಾರ ಮೂರೂಕಾಲಿಗೆ ಕಿಟಕಿ ಬದಿಯ ಕಂಪ್ಯೂಟರಿನಿಂದ, ಹುಡುಗಿಯ ಹೆಸರಿನಲ್ಲಿ ಎಲ್ಲವೂ ಅಳಿಸಲ್ಪಟ್ಟಿತ್ತು. ಕಂಪ್ಯೂಟರನ್ನು ವಶಪಡಿಸಿಕೊಂಡು ಸೀಲು ಹಾಕಿದರು. ಓಣಿಯ ಕ್ಯಾಮೆರಾದ ದೃಶ್ಯ ತರಲು ಹೆಡ್ ಕಾನ್‌ಸ್ಟೇಬಲ್ ಹೋದರು.

ಹುಡುಗಿಯನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿದ್ದರು. ಅವಳ ಅಪ್ಪ ಟೈಲರ್. ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಓಡಿಬಂದು, ಕುರ್ಚಿ ಖಾಲಿಯಿದ್ದರೂ ಗೋಡೆಗೆ ಒರಗಿ ನಿಂತಿದ್ದ.

"ನೀನೇ ಅಳಿಸಿದ್ದಾ?"

"ಇಲ್ಲ ಸಾರ್."

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಕ್ಯಾಪ್ಟನ್‌ಗೆ. ಬಂದೋರಿಗೆ ಆಟ ತೋರಿಸ್ಬೇಕು ಅಂತ ಇಸ್ಕೊಂಡಿದ್ದ."

"ವರ್ಷದ ಕೆಲಸ ಹೋಯ್ತು. ನಿನಗೇನೂ ಅನ್ನಿಸ್ತಿಲ್ವಾ?"

ಹುಡುಗಿ ಮೊದಲ ಸಲ ತಲೆಯೆತ್ತಿದಳು. "ಕೆಲಸ ಎಲ್ಲಿ ಹೋಯ್ತು ಸಾರ್? ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಚಿತ್ರ ಬಿಡಿಸೋಳ ಹತ್ರ ಇದೆ, ಸೌಂಡ್ ಮಾಡೋನ ಹತ್ರಾನೂ ಇದೆ. ಕೆಲಸಕ್ಕೆ ಕೂರ್ಬೇಕು ಅಂದ್ರೆ ಮೊದಲು ಪೂರ್ತಿ ನಕಲು ಇಳಿಸ್ಕೋಬೇಕು. ಯಾವತ್ತು ಯಾರು ಏನು ಮಾಡಿದ್ರು ಅನ್ನೋದೂ ಅದರ ಜೊತೇಲೇ ಬರುತ್ತೆ."

"ಇದನ್ನ ಮೊದಲೇ ಹೇಳೋಕೇನು?"

"ಬೆಳಗ್ಗೆ ಬಂದ ತಕ್ಷಣ ಲ್ಯಾಪ್‌ಟಾಪ್ ಕಿತ್ಕೊಂಡ್ರು. ನನ್ನ ಯಾರು ಏನು ಕೇಳಿದ್ರು?"

ಇನ್ಸ್‌ಪೆಕ್ಟರ್ ಮುಖ್ಯಸ್ಥರತ್ತ ನೋಡಿದರು. ಆ ಮಹಾಶಯರು ಸೀಲಿಂಗ್ ಫ್ಯಾನು ನೋಡುತ್ತಿದ್ದರು. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಇಷ್ಟೂ ಹೊಳೆಯಲಿಲ್ಲ ಎಂದರೆ, ಸಂಬಳ ಕೊಟ್ಟವರ ಕರ್ಮ.

ಇಲ್ಲಿಗೆ ಪ್ರಕರಣ ಅರ್ಧ ಮುಗಿದಂತೆಯೇ. ಸರ್ವರ್‌ನಲ್ಲಿ ಅಳಿಸಿದರೆ ಎಲ್ಲವೂ ನಾಶವಾಯಿತೆಂದು ಕೆಲಸ ಮಾಡಿದ ಯಾರೂ ನಂಬುವುದಿಲ್ಲ. ಹಾಗೆ ನಂಬಬೇಕಾದರೆ ವರ್ಷವಿಡೀ ಒಂದು ಕಡ್ಡಿಯನ್ನೂ ಎತ್ತಿಡದವನೇ ಆಗಿರಬೇಕು. ಇನ್ಸ್‌ಪೆಕ್ಟರ್ ಕ್ಯಾಪ್ಟನ್‌ನನ್ನು ಕರೆಸಿದರು.

"ನಿನ್ನ ಹತ್ರ ಆಟದ ನಕಲು ಇದೆಯೇನಪ್ಪ?"

"ಸರ್ವರ್‌ನಲ್ಲಿ ಇದ್ದದ್ದೇ ಹೋಯ್ತಲ್ಲ ಸಾರ್. ಇನ್ನೆಲ್ಲಿರುತ್ತೆ?" ಮೂರ್ಖನಿಗೆ ತಿಳಿಹೇಳುವ ಧಾಟಿಯಲ್ಲಿ ನಕ್ಕ.

"ಬೇರೆಯವರ ಹತ್ರ?"

"ಯಾರ ಹತ್ರಾನೂ ಇರಲ್ಲ. ಒಂದೇ ಕಡೆ ಇಡೋದು ಸಾರ್, ಅದೇ ಪದ್ಧತಿ."

"ಭಾನುವಾರ ಮೂರು ಗಂಟೆಗೆ ಎಲ್ಲಿದ್ದೆ?"

"ಮಾವನ ಮನೇಲಿ."

"ಹೌದೌದು, ನಮ್ಮ ಮನೇಲೇ," ಎಂದು, ಯಾರೂ ಕೇಳದಿದ್ದರೂ, ಜೊತೆಗೆ ಬಂದಿದ್ದ ಮಾವ ಸಾಕ್ಷಿ ಹೇಳಿದ.

ಹೆಡ್ ಕಾನ್‌ಸ್ಟೇಬಲ್ ತಂದ ದೃಶ್ಯವನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ತೋರಿಸಿದರು. ಅದರಲ್ಲಿ ಭಾನುವಾರ ಮೂರು ದಾಟಿದ ಹೊತ್ತಿಗೆ ಕ್ಯಾಪ್ಟನ್ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಅತ್ತಿತ್ತ ನೋಡಿ, ಕ್ರಾಪು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದ. ಕಳ್ಳತನಕ್ಕೂ ಕ್ರಾಪು! ಮಾವನ ಬೆರಳಲ್ಲಿ ಕೀಲಿ ತಿರುಗುವುದು ನಿಂತಿತು.

"ನಾನು ಮಲಗಿದ್ದೆ, ಇವನು ಯಾವಾಗ ಎದ್ದುಹೋದನೋ," ಎಂದು ಅವನು ಅಲ್ಲೇ ಕೈ ತೊಳೆದುಕೊಂಡ.

ಕ್ಯಾಪ್ಟನ್ ಹೆಚ್ಚು ಹೊತ್ತು ತಾಳದೆ ಬಾಯಿಬಿಟ್ಟ. ಪರೀಕ್ಷೆಯ ದಿನ ಆಟದ ದಾಖಲೆ ತೆಗೆದು, ಯಾರ ಪಾಲಿನ ಕೆಲಸ ಎಷ್ಟೆಂದು ಎಲ್ಲರೆದುರು ಓದುತ್ತೇನೆ ಎಂದು ಪರೀಕ್ಷಕರು ಶನಿವಾರ ಹೇಳಿದ್ದರು. ಮನೆಯವರಿಗೆಲ್ಲ ಆಹ್ವಾನವಿತ್ತು. ಮಗನೇ ಆಟ ಕಟ್ಟಿದ್ದಾನೆಂದು ಅಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಸಂಜೆ ಆರಕ್ಕೆ ಅವನನ್ನು ಬಂಧಿಸಿದರು. ಹುಡುಗಿಯ ಲ್ಯಾಪ್‌ಟಾಪನ್ನು ಮುಖ್ಯಸ್ಥರ ಕೈಯಿಂದಲೇ ವಾಪಸು ಕೊಡಿಸಿದರು. ಆ ಮನುಷ್ಯ ಕ್ಷಮಿಸು ಎನ್ನುವ ಬದಲು ಚಾರ್ಜರ್ ಎಲ್ಲಿ ಎಂದು ಹುಡುಕುತ್ತಿದ್ದರು.

ಮಂಗಳವಾರ ಹುಡುಗಿ ಪರೀಕ್ಷೆಗೆ ಕೂತಳು. ಹೇಳಿಕೆ ಪಡೆಯಲು ಹೋದ ಇನ್ಸ್‌ಪೆಕ್ಟರಿಗೆ ಪರೀಕ್ಷಕರು ಆಟವನ್ನು ತೆರೆದು ತೋರಿಸಿದರು. ಆಟದೊಳಗಿನ ಬೀದಿಯಲ್ಲಿ, ಕಾಂಪೌಂಡ್ ಗೋಡೆಯ ಮೇಲೆ ಒಂದು ಬೆಕ್ಕು. ಹತ್ತಿರ ಹೋದರೆ ಬಾಲ ಒದರಿ ಮುಖ ತಿರುಗಿಸುತ್ತಿತ್ತು.

"ಇದು ನಿಮ್ಮ ಲಾಕಪ್ಪಿನಲ್ಲಿರೋ ಹುಡುಗ ಮಾಡಿದ್ದು, ಮೊದಲ ತಿಂಗಳಲ್ಲಿ. ಆಟಕ್ಕೆ ಸೇರಿಸಿದ್ದು ಆ ಹುಡುಗಿ, ಅವನ ಹೆಸರು ಹಾಕಿ. ಆಮೇಲೆ ಅವನದು ಏನೂ ಇಲ್ಲ," ಎಂದರು ಪರೀಕ್ಷಕರು. "ಆದ್ರೆ ಚೆನ್ನಾಗಿದೆ. ಇದೊಂದಕ್ಕೇ ಪಾಸ್ ಮಾಡ್ತಿದ್ದೆ."

ಠಾಣೆಗೆ ಮರಳಿ ಇನ್ಸ್‌ಪೆಕ್ಟರ್ ಲಾಕಪ್ಪಿನ ಮುಂದೆ ನಿಂತರು. ಸೆಂಟಿನ ವಾಸನೆ ಇಳಿದಿತ್ತು.

"ಬೆಕ್ಕು ಮಾಡಿದ್ಯಂತೆ?"

ಕ್ಯಾಪ್ಟನ್ ಕಣ್ಣು ಬಿಟ್ಟ. "ಅದು ಇನ್ನೂ ಇದೆಯಾ ಸಾರ್? ತೆಗೆದುಹಾಕಿರ್ತಾರೆ ಅಂದ್ಕೊಂಡೆ."

"ಯಾರಾದ್ರೂ ಹೇಳಿದ್ರಾ, ತೆಗೆದ್ವಿ ಅಂತ?"

"ಇಲ್ಲ."

"ಒಂದು ಸಲ ಆಡಿ ನೋಡೋಕೇನಾಗಿತ್ತು?"

ಕ್ಯಾಪ್ಟನ್ ಎದ್ದು ಕಂಬಿಯ ಹತ್ತಿರ ಬಂದ. ಅದು ಈಗಲೂ ಬಾಲ ಒದರುತ್ತದಾ ಎಂದು ಮಾತ್ರ ಕೇಳಿದ.